ಮರೆತುಹೋದ ಐದನೆಯ ಸಮಿತಿ

ಮಹಾವೀರ ಜಯಂತಿಯ ವೇದಿಕೆಗಳಲ್ಲಿ ವರ್ಷಂಪ್ರತಿ ಕೇಳಿಬರುವ ಮಾತೊಂದುಂಟು. ಪಾಶ್ಚಾತ್ಯರು ಮೊನ್ನೆ ಮೊನ್ನೆ ಕಂಡುಕೊಂಡ ಪರಮಾಣುವನ್ನು ಜೈನಾಚಾರ್ಯರು ಸಾವಿರಾರು ವರ್ಷಗಳ ಹಿಂದೆಯೇ ಅರಿತಿದ್ದರು. ಆದ್ದರಿಂದ ಅಣುವಿದ್ಯುತ್ತು ಒಂದರ್ಥದಲ್ಲಿ ಜೈನದರ್ಶನದ ಫಲವೇ ಸರಿ. ಹೊಗೆಯಿಲ್ಲದ, ಬೂದಿಯಿಲ್ಲದ ಆ ವಿದ್ಯುತ್ತು ಅಹಿಂಸಕವೂ ಹೌದು. ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಆ ಸದ್ದಿನಲ್ಲಿ ಮಾತಿನ ಪೊಳ್ಳು ಯಾರಿಗೂ ಕೇಳಿಸುವುದಿಲ್ಲ.

ಮೊದಲು ಸಿದ್ಧಾಂತದ ಮಾತು. ಜೈನಾಗಮದ ಪರಮಾಣುವೆಂದರೆ ಪುದ್ಗಲದ ಅವಿಭಾಜ್ಯ ಅಂಶ. ಅದಕ್ಕೆ ಆದಿ ಮಧ್ಯ ಅಂತ್ಯಗಳಿಲ್ಲ, ಅದನ್ನು ಒಡೆಯಲು ಬಾರದು. ಕೈಗಾದಲ್ಲಿ ದಿನದಿನವೂ ಒಡೆಯುತ್ತಿರುವುದು ಯುರೇನಿಯಂ ಎಂಬ ಧಾತುವಿನ ಕಣ. ಒಡೆಯುವುದು ಯಾವುದೋ ಅದು ಪರಮಾಣುವಲ್ಲ, ಸ್ಕಂಧ. ಭೇದ ಮತ್ತು ಸಂಘಾತಗಳಿಂದ ಸ್ಕಂಧಗಳು ಉಂಟಾಗುತ್ತವೆಂದು ತತ್ತ್ವಾರ್ಥ ಸೂತ್ರದ ಐದನೆಯ ಅಧ್ಯಾಯವನ್ನು ಪಾಠಶಾಲೆಯಲ್ಲಿ ಕಲಿತ ಬಾಲಕನೂ ಹೇಳಬಲ್ಲನು. ಉಮಾಸ್ವಾಮಿಗಳ ಹೆಸರಿನಲ್ಲಿ ಅಣುಸ್ಥಾವರಕ್ಕೆ ಪ್ರಮಾಣಪತ್ರ ಕೊಡುವವರು ಉಮಾಸ್ವಾಮಿಗಳನ್ನೇ ಓದಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಅಣುವಿದ್ಯುತ್ತಿನ ವಿಷಯದಲ್ಲಿ ಜೈನರಿಗೆ ಹೇಳಲು ಮಾತೇ ಇಲ್ಲವೆಂದಲ್ಲ. ಇದೆ, ಆದರೆ ಅದು ಐದನೆಯ ಅಧ್ಯಾಯದಲ್ಲಿಲ್ಲ, ಒಂಬತ್ತನೆಯದರಲ್ಲಿದೆ. ಈರ್ಯಾ, ಭಾಷಾ, ಏಷಣಾ, ಆದಾನನಿಕ್ಷೇಪಣ ಎಂಬ ನಾಲ್ಕು ಸಮಿತಿಗಳ ತರುವಾಯ ಬರುವುದು ಉತ್ಸರ್ಗ ಸಮಿತಿ. ಮೂಲಾಚಾರದಲ್ಲಿ ಇದಕ್ಕೇ ಪ್ರತಿಷ್ಠಾಪನಾ ಸಮಿತಿಯೆಂದು ಹೆಸರು. ದೇಹದಿಂದ ಹೊರಬಿದ್ದ ಮಲವನ್ನು ಎಲ್ಲಿ, ಹೇಗೆ ಬಿಡಬೇಕೆಂಬುದೇ ಅದರ ವಿಷಯ. ಸ್ಥಳವು ಜನಸಂಚಾರದಿಂದ ದೂರವಿರಬೇಕು, ಜೀವಜಂತುಗಳಿಲ್ಲದ್ದಾಗಿರಬೇಕು, ಇಕ್ಕಟ್ಟಾಗಿರಬಾರದು, ಮತ್ತು ಅಲ್ಲಿಯ ಜನರ ವಿರೋಧವಿರಬಾರದು. ಜಗತ್ತಿನ ಎಷ್ಟು ಧರ್ಮಗಳು ಕಸವನ್ನು ಬಿಡುವ ಕ್ರಮವನ್ನು ಮುನಿಯ ಮೂಲಗುಣಗಳಲ್ಲಿ ಸೇರಿಸಿವೆ? ಹೆಮ್ಮೆಪಡಬೇಕಾದುದು ಇಲ್ಲಿ. ಆದರೆ ವೇದಿಕೆಯ ಮೇಲೆ ಈ ಸಮಿತಿಯ ಹೆಸರೆತ್ತಲು ಸಂಕೋಚ. ಪರಮಾಣುವಿನ ಹೆಸರಿಗೆ ಮಾತ್ರ ಉತ್ಸಾಹ.

ಅಣುಸ್ಥಾವರದ ಮಲವೆಂದರೇನು? ಕೈಗಾದ ನಾಲ್ಕು ಘಟಕಗಳು ತಲಾ 220 ಮೆಗಾವಾಟಿನವು. ಮೊದಲೆರಡು 2000ದಲ್ಲಿಯೂ ಮೂರನೆಯದು 2007ರಲ್ಲಿಯೂ ನಾಲ್ಕನೆಯದು 2011ರಲ್ಲಿಯೂ ವಾಣಿಜ್ಯ ಉತ್ಪಾದನೆಗೆ ತೊಡಗಿದವು. ಅಲ್ಲಿಂದ ಬರುವ ತ್ಯಾಜ್ಯದಲ್ಲಿ ಬಹುಪಾಲು ಅಲ್ಪ ವಿಕಿರಣದ್ದು: ಕೈಗವಸು, ಬಟ್ಟೆ, ಸೋಸುಕ, ತೊಳೆದ ನೀರು. ಅದನ್ನು ಸುಟ್ಟು, ಒತ್ತಿ, ಸಿಮೆಂಟಿನಲ್ಲಿ ಕಲಸಿ ಕಾಂಕ್ರೀಟಿನ ಕಂದಕಗಳಲ್ಲಿ ಇಡುತ್ತಾರೆ. ನಿಜವಾದ ಪ್ರಶ್ನೆ ಉರಿದು ಹೊರಬಂದ ಇಂಧನದ್ದು. ಅದನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿ ತಣಿಸಿಡಬೇಕು. ಭಾರತದಲ್ಲಿ ಅಂಥ ಇಂಧನವನ್ನು ತಾರಾಪುರ, ಕಲ್ಪಾಕ್ಕಂಗಳಲ್ಲಿ ಆಮ್ಲದಲ್ಲಿ ಕರಗಿಸಿ ಪ್ಲುಟೋನಿಯಂ ಮತ್ತು ಯುರೇನಿಯಂಗಳನ್ನು ಬೇರ್ಪಡಿಸುತ್ತಾರೆ. ಉಳಿದ ದ್ರವವೇ ಉಗ್ರ ತ್ಯಾಜ್ಯ. ಗಾತ್ರದಲ್ಲಿ ಅದು ಒಟ್ಟು ತ್ಯಾಜ್ಯದ ಅತ್ಯಲ್ಪ ಭಾಗ, ವಿಕಿರಣದಲ್ಲಿ ಹೆಚ್ಚುಕಡಿಮೆ ಪೂರ್ತಿ. ಅದನ್ನು ಉಕ್ಕಿನ ತೊಟ್ಟಿಗಳಲ್ಲಿ ಕಾಯ್ದಿಟ್ಟು, ಕಾಯಿಸಿ, ಬೋರೋಸಿಲಿಕೇಟ್ ಗಾಜಿನಲ್ಲಿ ಬೆರೆಸಿ, ಸ್ಟೇನ್‌ಲೆಸ್ ಉಕ್ಕಿನ ಡಬ್ಬಿಗಳಿಗೆ ಎರಕ ಹೊಯ್ಯುತ್ತಾರೆ. ತಾರಾಪುರದಲ್ಲಿ ಆ ಡಬ್ಬಿಗಳನ್ನು ಗಾಳಿಯಾಡುವ ನೆಲಮಾಳಿಗೆಯಲ್ಲಿ ಇರಿಸಿದ್ದಾರೆ. ಈ ವಿದ್ಯೆಯಲ್ಲಿ ಭಾರತೀಯ ವಿಜ್ಞಾನಿಗಳು ಯಾರಿಗೂ ಕಡಿಮೆಯಲ್ಲ. ತ್ಯಾಜ್ಯದಿಂದಲೇ ಸೀಸಿಯಂ-137ನ್ನು ಹೆಕ್ಕಿ ತೆಗೆದು ಆಸ್ಪತ್ರೆಗಳಲ್ಲಿ ರಕ್ತಕ್ಕೆ ವಿಕಿರಣ ಹಾಯಿಸುವ ಯಂತ್ರಗಳಿಗೆ ಒದಗಿಸಿದ್ದಾರೆ. ಇದು ಶ್ಲಾಘನೀಯವೇ. ಆದರೆ ನೆಲಮಾಳಿಗೆ ತಾತ್ಕಾಲಿಕ ಬಿಡಾರ. ಅಂತಿಮವಾಗಿ ಇಡುವ ಸ್ಥಳ ಭಾರತದಲ್ಲಿ ಇಂದಿಗೂ ಇಲ್ಲ.

ಇಲ್ಲಿ ಲೋಹದ ಮಾತು ಬರುತ್ತದೆ. ಡಬ್ಬಿ ಲೋಹದ್ದು, ತೊಟ್ಟಿ ಲೋಹದ್ದು, ಸ್ಥಾವರದ ಕೊಳವೆ, ಅಲಗು, ಅಚ್ಚು ಎಲ್ಲವೂ ಲೋಹದವು. ಲೋಹವೆಂದರೆ ಗಟ್ಟಿ, ಮುರಿಯದೆ ಇದ್ದರೆ ನಾಳೆಯೂ ಮುರಿಯದು ಎಂಬ ಭ್ರಮೆ ಜನರಲ್ಲಿದೆ. ಇಳಕಲ್ಲಿನ ವಿದ್ಯುತ್ ಮಗ್ಗದವರನ್ನು ಕೇಳಿದರೆ ಈ ಭ್ರಮೆ ಹರಿಯುತ್ತದೆ. ಹತ್ತು ವರ್ಷ ಒಂದೇ ಭಾರ ಹೊತ್ತ ಕೀಲು ಒಂದು ದಿನ, ಭಾರ ಎಳ್ಳಷ್ಟೂ ಹೆಚ್ಚದಿದ್ದರೂ, ಪಟ್ಟನೆ ತುಂಡಾಗುತ್ತದೆ. ತಂತಿಯನ್ನು ಒಮ್ಮೆ ಬಗ್ಗಿಸಿದರೆ ಅದು ಮುರಿಯುವುದಿಲ್ಲ. ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತ ಹೋದರೆ ಮುರಿಯುತ್ತದೆ. ಶಾಸ್ತ್ರಜ್ಞರು ಇದನ್ನು ಲೋಹದ ದಣಿವೆಂದು ಕರೆದರು.

1842ರ ಮೇ 8ರಂದು ಫ್ರಾನ್ಸಿನ ವರ್ಸೈಲ್ಸಿನಿಂದ ಹೊರಟ ರೈಲಿನ ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತ ಮೇಲೆ ಈ ವಿಷಯದ ವಿಚಾರಣೆ ಗಂಭೀರವಾಗಿ ತೊಡಗಿತು. ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಎಂಬವನು ಹಲವು ವರ್ಷ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ, ಎಷ್ಟು ಒತ್ತಡಕ್ಕೆ ಎಷ್ಟು ಸುತ್ತಿನಲ್ಲಿ ಮುರಿಯುವವೆಂದು ಲೆಕ್ಕವಿಟ್ಟನು. ಒಂದು ಮಿತಿಗಿಂತ ಕೆಳಗಿನ ಒತ್ತಡವನ್ನು ಉಕ್ಕು ಬಹುಕಾಲ ಸಹಿಸುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿಯೇ ಇಲ್ಲ. ಆದರೆ ಉಕ್ಕಿನ ಮೈಮೇಲೆ ಒಂದು ಗೀರು, ಒಂದು ಕೆಟ್ಟ ಬೆಸುಗೆ, ಕೊಂಚ ತುಕ್ಕು ಇದ್ದರೆ ಆ ಮಿತಿಯೂ ಕುಸಿಯುತ್ತದೆ. ಗೀರಿನ ತುದಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಿ, ಪ್ರತಿ ಸುತ್ತಿಗೂ ಕೂದಲೆಳೆಗಿಂತ ಎಷ್ಟೋ ಸಣ್ಣ ಅಳತೆಯಲ್ಲಿ ಮುಂದುವರಿದು, ಉಳಿದ ಲೋಹಕ್ಕೆ ಭಾರ ತಾಳಲಾರದ ದಿನ ಎಲ್ಲವೂ ಒಮ್ಮೆಲೇ ಮುರಿಯುತ್ತದೆ. ಮುರಿದ ಮುಖವನ್ನು ನೋಡಿದರೆ ಹೊಳೆಯ ದಂಡೆಯ ಮರಳಿನ ಮೇಲೆ ನೀರು ಬಿಟ್ಟುಹೋದ ಗೆರೆಗಳಂತೆ ಬಿರುಕು ನಿಂತು ನಿಂತು ನಡೆದ ಹೆಜ್ಜೆಗಳು ಕಾಣುತ್ತವೆ.

ಜಡವಸ್ತುವಿಗೆ ಕರ್ಮಬಂಧವಿಲ್ಲವೆಂಬುದು ನಿಜ. ಆದರೂ ದೃಷ್ಟಾಂತವಾಗಿ ಒಂದು ಮಾತು ಸಲ್ಲುತ್ತದೆ. ಲೋಹಕ್ಕೆ ಆಸ್ರವವುಂಟು, ನಿರ್ಜರೆಯಿಲ್ಲ. ಒಳಗೆ ಸೇರಿದ ಬಿರುಕು ವಿಶ್ರಾಂತಿಯಿಂದ ಮಾಯುವುದಿಲ್ಲ. ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ, ಯಂತ್ರವು ತನ್ನ ಸವಕಳಿಯನ್ನು ತಾನೇ ಖಾತೆಯಲ್ಲಿ ಬರೆದುಕೊಳ್ಳುತ್ತದೆ; ಯಜಮಾನನು ಅಢಾವೆ ಪತ್ರಿಕೆಯಲ್ಲಿ ಬರೆದರೂ ಸರಿ, ಬರೆಯದಿದ್ದರೂ ಸರಿ.

ನರೋರಾದಲ್ಲಿ ಅದೇ ನಡೆಯಿತು. ಉತ್ತರ ಪ್ರದೇಶದ ಬುಲಂದಶಹರ ಜಿಲ್ಲೆಯಲ್ಲಿ ಗಂಗೆಯ ದಂಡೆಯ ಮೇಲಿನ ಆ ಸ್ಥಾವರ ಕೈಗಾದ ಅಣ್ಣನಿದ್ದಂತೆ. ಅದೇ 220 ಮೆಗಾವಾಟ್, ಅದೇ ಭಾರಜಲದ ಬಗೆ. 1993ರ ಮಾರ್ಚ್ 31ರ ನಸುಕಿನಲ್ಲಿ ಮೊದಲ ಘಟಕದ ಟರ್ಬೈನಿನ ಎರಡು ಅಲಗುಗಳು ದಣಿದು ಮುರಿದವು. ನಿಮಿಷಕ್ಕೆ 3000 ಸುತ್ತು ತಿರುಗುವ ಚಕ್ರ ತೂಕ ತಪ್ಪಿ ನಡುಗಿತು. ವಿದ್ಯುಜ್ಜನಕವನ್ನು ತಂಪಾಗಿಡುವ ಜಲಜನಕ ಸೋರಿ ಹೊತ್ತಿಕೊಂಡಿತು. ಬೆಂಕಿ ಕೇಬಲ್ಲುಗಳ ದಾರಿ ಹಿಡಿದು ಹಬ್ಬಿ ಘಟಕವು ಸುಮಾರು 17 ತಾಸು ವಿದ್ಯುತ್ತಿಲ್ಲದೆ ಕತ್ತಲಲ್ಲಿ ಉಳಿಯಿತು. ಸಿಬ್ಬಂದಿಯವರು ಧೈರ್ಯಗೆಡದೆ ಸ್ಥಾವರವನ್ನು ನಿಲ್ಲಿಸಿ, ಕೈದೀಪದ ಬೆಳಕಿನಲ್ಲಿ ಬೋರಾನ್ ದ್ರವವನ್ನು ಹಾಯಿಸಿ, ಬೆಂಕಿ ಆರಿಸುವ ಡೀಸೆಲ್ ಪಂಪಿನ ನೀರಿನಿಂದ ಗರ್ಭವನ್ನು ತಣಿಸಿದರು. ವಿಕಿರಣ ಹೊರಬೀಳಲಿಲ್ಲ. ಅಂಥ ಅಲಗುಗಳ ದೋಷದ ಬಗ್ಗೆ ಮುನ್ಸೂಚನೆ ಮೊದಲೇ ಬಂದಿತ್ತೆಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ಅವರು ತರುವಾಯ ಬಹಿರಂಗವಾಗಿ ಬರೆದರು. ಹಿಂಸೆಯ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥ ಸೂತ್ರವು ಪ್ರಮತ್ತಯೋಗವನ್ನು ಮೊದಲಿಗೆ ಇಟ್ಟುದು ಏಕೆಂಬುದು ಈ ಘಟನೆಯಿಂದ ಅರ್ಥವಾದೀತು. ಆ ರಾತ್ರಿ ಯಾರೂ ಸಾಯಲಿಲ್ಲವೆಂದು ಪ್ರಮಾದವು ಪ್ರಮಾದವಲ್ಲದೆ ಹೋಗುವುದಿಲ್ಲ.

ಕೈಗಾದ ಸ್ವಂತ ಚರಿತ್ರೆಯಲ್ಲಿಯೂ ಎರಡು ಪುಟಗಳನ್ನು ಒಟ್ಟಿಗೆ ಓದಬೇಕು. 1994ರ ಮೇ 13ರಂದು, ಇನ್ನೂ ಕಟ್ಟುತ್ತಿದ್ದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟು ಪದರಪದರವಾಗಿ ಬಿಟ್ಟು ಟನ್ನುಗಟ್ಟಲೆ ಭಾರ ಕೆಳಗೆ ಬಿತ್ತು, ಕೆಲಸಗಾರರು ಗಾಯಗೊಂಡರು. ಅದೇ ಘಟಕ 2016ರ ಮೇ 13ರಂದು ಓಡಲಾರಂಭಿಸಿ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಅಂದಿನ ಜಗತ್ತಿನ ದಾಖಲೆಯನ್ನು ಮುರಿಯಿತು. (ತಿಥಿಯ ಈ ಹೊಂದಿಕೆಯಲ್ಲಿ ಜ್ಯೋತಿಷಿಗಳು ಏನಾದರೂ ಹುಡುಕಿಕೊಳ್ಳಲಿ.) ಮೊದಲ ಪುಟವನ್ನು ಮಾತ್ರ ಓದುವವರು ಅಣುವಿರೋಧಿಗಳು, ಎರಡನೆಯದನ್ನು ಮಾತ್ರ ಓದುವವರು ವೇದಿಕೆಯ ವಾಗ್ಮಿಗಳು. ದಿನಕ್ಕೆ 43 ಲಕ್ಷ 20 ಸಾವಿರ ಸುತ್ತಿನಂತೆ 962 ದಿನಗಳಲ್ಲಿ ಆ ಚಕ್ರ 415 ಕೋಟಿ ಸುತ್ತು ತಿರುಗಿತೆಂದಾಗ, ಅದನ್ನು ಮುರಿಯದಂತೆ ಕಾಯ್ದ ಪರೀಕ್ಷಕರ ಅಪ್ರಮಾದಕ್ಕೆ ಕೈಮುಗಿಯಬೇಕು. ಜೊತೆಗೆ ಆ 415 ಕೋಟಿಯೂ ಲೋಹದ ಖಾತೆಗೆ ಜಮೆಯಾಗಿದೆಯೆಂಬುದನ್ನೂ ನೆನೆಯಬೇಕು.

ಇಂಥ ಪ್ರತಿಯೊಂದು ಘಟಕದ ಗರ್ಭದಲ್ಲಿ ಜಿರ್ಕೋನಿಯಂ ಮಿಶ್ರಲೋಹದ 306 ಒತ್ತಡದ ಕೊಳವೆಗಳಿವೆ. ಕಾವು, ಒತ್ತಡ, ವಿಕಿರಣಗಳ ಏಟಿಗೆ ಅವು ಜೋಲುತ್ತವೆ, ಹಿಗ್ಗುತ್ತವೆ, ಜಲಜನಕವನ್ನು ಹೀರಿ ಪೆಡಸಾಗುತ್ತವೆ. ಕೆನಡಾದ ಪಿಕರಿಂಗ್ ಸ್ಥಾವರದಲ್ಲಿ 1983ರ ಆಗಸ್ಟಿನಲ್ಲಿ ಅಂಥ ಕೊಳವೆಯೊಂದು ಸೀಳಿತು. ರಾವತಭಾಟಾ, ಕಲ್ಪಾಕ್ಕಂ, ನರೋರಾಗಳಲ್ಲಿ ಹಳೆಯ ಕೊಳವೆಗಳನ್ನೆಲ್ಲ ಕಿತ್ತು ಹೊಸವನ್ನು ಜೋಡಿಸಿದರು. ಕಿತ್ತ ಕೊಳವೆಗಳು ಗುಜರಿಗೆ ಹೋಗುವಂತಿಲ್ಲ. ಅವೂ ಉಗ್ರ ವಿಕಿರಣದ ತ್ಯಾಜ್ಯ. ದಣಿದ ಲೋಹವೇ ಮಲವಾಗುತ್ತದೆ, ಆ ಮಲವನ್ನು ಕಾಯಲು ಮತ್ತೆ ಲೋಹ ಬೇಕಾಗುತ್ತದೆ. ಬೂದಿಯಿಲ್ಲದ ವಿದ್ಯುತ್ತೆಂದು ಹೊಗಳುವವರು ಈ ಬೂದಿಯನ್ನು ಕಂಡಿಲ್ಲ.

ಎಷ್ಟು ಕಾಲ ಕಾಯಬೇಕು? ಸೀಸಿಯಂ-137 ಅರ್ಧಕ್ಕಿಳಿಯಲು 30 ವರ್ಷ. ಮುನ್ನೂರು ವರ್ಷಗಳಲ್ಲಿ ಅದು ಸಾವಿರಕ್ಕೊಂದು ಪಾಲಾಗುತ್ತದೆ. ಮಠ ಮಂದಿರಗಳು ಅಷ್ಟು ಕಾಲ ಬಾಳಿದ ಉದಾಹರಣೆಗಳಿವೆ. ಪ್ಲುಟೋನಿಯಂ-239 ಅರ್ಧಕ್ಕಿಳಿಯಲು 24,100 ವರ್ಷ. ಬೇರ್ಪಡಿಸಿದ ಮೇಲೂ ಅದರ ಲವಲೇಶ ಗಾಜಿನಲ್ಲಿ ಉಳಿಯುತ್ತದೆ, ಅದರ ಬಂಧುಗಳೂ ಉಳಿಯುತ್ತವೆ. ಈ ಸಂಖ್ಯೆ ಅನ್ಯರಿಗೆ ಬರೀ ಸಂಖ್ಯೆ. ಜೈನನಿಗೆ ಹಾಗಲ್ಲ. ದುಷಮವೆಂಬ ಈ ಪಂಚಮ ಕಾಲದ ಒಟ್ಟು ಅವಧಿ 21,000 ವರ್ಷ. ಅದರಲ್ಲಿ ಎರಡೂವರೆ ಸಾವಿರ ಕಳೆದಿವೆ. ಕಾಲದ ಕೊನೆಗೆ ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆಯರ ಚತುಸ್ಸಂಘವೇ ಲೋಪವಾಗಿ ಧರ್ಮ ಅಳಿಯುವುದೆಂದೂ, ಆರನೆಯ ಕಾಲದ ಮನುಷ್ಯರು ವಿದ್ಯೆ, ಕಲೆ, ಮನೆಮಠಗಳಿಲ್ಲದೆ ಮೃಗಗಳಂತೆ ಬದುಕುವರೆಂದೂ ಪರಂಪರೆ ಹೇಳುತ್ತದೆ. ಧರ್ಮವೇ ಅಳಿದ ದಿನವೂ ಇಂದಿನ ಪ್ಲುಟೋನಿಯಂ ಅರ್ಧದಷ್ಟು ಕೂಡ ಅಳಿದಿರುವುದಿಲ್ಲ. ಉಕ್ಕಿನ ಡಬ್ಬಿಗೆ ಆಗ ಕಾವಲುಗಾರನು ಯಾರು? ಕಾಲಚಕ್ರವನ್ನು ನಂಬುತ್ತೇನೆಂದು ಹೇಳುವ ಶ್ರಾವಕನಿಗೆ ಈ ಪ್ರಶ್ನೆಯಿಂದ ನುಣುಚಿಕೊಳ್ಳಲು ದಾರಿಯಿಲ್ಲ.

ಹುನಗುಂದ ತಾಲೂಕಿನ ಐಹೊಳೆಯ ಮೇಗುಟಿ ಬೆಟ್ಟವನ್ನು ಏರಿದವರು ಈ ಪ್ರಶ್ನೆಯ ಉತ್ತರವನ್ನು ಕಲ್ಲಿನಲ್ಲಿಯೇ ಕಾಣಬಹುದು. ಶಕವರ್ಷ 556ರಲ್ಲಿ, ಎಂದರೆ ಕ್ರಿ.ಶ. 634ರಲ್ಲಿ, ಎರಡನೆಯ ಪುಲಕೇಶಿಯ ಕಾಲದ ರವಿಕೀರ್ತಿಯು ಜಿನಾಲಯವನ್ನು ಕಟ್ಟಿಸಿ ಅದರ ಪೂರ್ವದ ಗೋಡೆಯ ಮೇಲೆ ಶಾಸನವನ್ನು ಕೆತ್ತಿಸಿದನು. ತನ್ನನ್ನು ಕಾಳಿದಾಸ ಭಾರವಿಗಳಿಗೆ ಹೋಲಿಸಿಕೊಂಡ ಆ ಕವಿಗೆ ತನ್ನ ಮಾತು ಮುಂದಿನವರನ್ನು ಮುಟ್ಟುವುದೆಂಬ ಪೂರ್ಣ ಭರವಸೆಯಿತ್ತು. ಕಳೆದುದು ಸುಮಾರು 1390 ವರ್ಷ ಮಾತ್ರ. ಊರಿನವರು ಆ ಲಿಪಿಯನ್ನು ಓದುವ ಬಗೆಯನ್ನೇ ಮರೆತರು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲೀಟ್ ಮೊದಲಾದ ವಿದ್ವಾಂಸರು ಓದಿ ಅಚ್ಚು ಹಾಕಿಸಿದ ಮೇಲೆಯೇ ಅದರ ಅರ್ಥ ಮರಳಿ ತಿಳಿಯಿತು. ಇಂದು ಬೆಟ್ಟ ಹತ್ತುವ ಶ್ರಾವಕರಲ್ಲಿ ಅದನ್ನು ತಾವಾಗಿ ಓದಬಲ್ಲವರು ಎಷ್ಟು ಮಂದಿ? ಅದೇ ಜಿನಾಲಯದ ಹಿಂದೆ ಬೃಹತ್ ಶಿಲಾಯುಗದ ಕಲ್ಮನೆಗಳು ನಿಂತಿವೆ. ಅವುಗಳನ್ನು ಎತ್ತಿ ನಿಲ್ಲಿಸಿದವರ ಹೆಸರಿಲ್ಲ, ಮಾತಿಲ್ಲ. ಒಳಗಿರುವುದು ಪೂಜ್ಯವೋ ಅಪಾಯವೋ ಎಂದು ತಿಳಿಸುವ ಒಂದು ಗುರುತೂ ಉಳಿದಿಲ್ಲ. ಅಗೆದವರು ಅಗೆದೇ ತಿಳಿದುಕೊಂಡರು. 'ಇಲ್ಲಿ ಅಗೆಯಬೇಡಿ' ಎಂಬ ಎಚ್ಚರಿಕೆಯನ್ನು ಇದರ ಹದಿನೇಳು ಪಟ್ಟು ಕಾಲ ಬಾಳಿಸುವುದು ಹೇಗೆಂದು ಹಲವು ದೇಶಗಳ ವಿದ್ವಾಂಸರು ತಲೆ ಕೆಡಿಸಿಕೊಂಡಿದ್ದಾರೆ. ಬಾಗಲಕೋಟೆ ಜಿಲ್ಲೆಯ ಶ್ರಾವಕರಿಗೆ ಆ ಚರ್ಚೆಯಲ್ಲಿ ಸಾಕ್ಷಿ ನುಡಿಯುವ ಅಧಿಕಾರವಿದೆ.

ಇನ್ನು ಸ್ಥಳದ ಪ್ರಶ್ನೆ. ಕರ್ನಾಟಕದಲ್ಲಿ ಇದು ಊಹೆಯ ಮಾತಲ್ಲ. 1980ರ ದಶಕದಲ್ಲಿ ಕೋಲಾರ ಚಿನ್ನದ ಗಣಿಯ ಕೈಬಿಟ್ಟ ಭಾಗವೊಂದರಲ್ಲಿ, ಸುಮಾರು ಸಾವಿರ ಮೀಟರ್ ಆಳದಲ್ಲಿ, ತ್ಯಾಜ್ಯದ ಬದಲು ವಿದ್ಯುತ್ತಿನ ಕಾವುಗೋಲುಗಳನ್ನು ಇಟ್ಟು ಬಂಡೆಯು ಕಾವನ್ನು ಹೇಗೆ ತಾಳುವುದೆಂದು ವಿಜ್ಞಾನಿಗಳು ಪರೀಕ್ಷಿಸಿದರು. ಗಣಿ 2001ರಲ್ಲಿ ಮುಚ್ಚಿತು. 2012ರ ನವೆಂಬರಿನಲ್ಲಿ, ಕೂಡಂಕುಳಂ ಸ್ಥಾವರದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದಾಗ ಕೋಲಾರದ ಹೆಸರು ಕೇಳಿಬಂದು ಕೆ.ಜಿ.ಎಫ್. ಜನರು ಬೀದಿಗಿಳಿದರು, ಅಂಥ ಯೋಜನೆಯಿಲ್ಲವೆಂದು ಸರಕಾರ ಸ್ಪಷ್ಟೀಕರಿಸಬೇಕಾಯಿತು. ಚಿನ್ನವನ್ನು ಲೋಕಕ್ಕೆ ಕೊಟ್ಟು ಸಯನೈಡಿನ ದಿಬ್ಬಗಳನ್ನು ಮಾತ್ರ ಉಳಿಸಿಕೊಂಡ ಊರಿಗೆ ಲೋಕದ ಮಲವನ್ನೂ ಹೊರಿಸುವ ಮಾತು ಹೇಗೆ ಕೇಳಿಸಿರಬೇಕು! ಆಲಮಟ್ಟಿಯ ಹಿನ್ನೀರಿಗೆ ಮನೆ, ಅಂಗಡಿ, ಓಣಿಗಳನ್ನು ಬಿಟ್ಟುಕೊಟ್ಟು ನವನಗರಕ್ಕೆ ಬಂದ ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಲಾಚಾರವು ವಿರೋಧವಿಲ್ಲದ ಸ್ಥಳವೆಂದು ನಿಯಮ ಮಾಡಿದುದು ಕೇವಲ ಮುನಿಯ ಮರ್ಯಾದೆಗಾಗಿ ಅಲ್ಲ.

ಆ ನಿಯಮವನ್ನು ಪಾಲಿಸುವುದು ಅಸಾಧ್ಯವೂ ಅಲ್ಲ. ಫಿನ್‌ಲ್ಯಾಂಡ್ ದೇಶದಲ್ಲಿ ಎವುರಾಯೋಕಿ ಎಂಬ ಊರಿನ ಪುರಸಭೆ 2000ದಲ್ಲಿ ಒಪ್ಪಿಗೆ ಕೊಟ್ಟ ಮೇಲೆ, 2001ರಲ್ಲಿ ಅಲ್ಲಿಯ ಸಂಸತ್ತು ಅನುಮೋದಿಸಿತು. ನಾನೂರು ಮೀಟರಿಗೂ ಆಳದಲ್ಲಿ, ಇಳಕಲ್ಲಿನ ಕಲ್ಲಿನಂತೆಯೇ ಗಟ್ಟಿಯಾದ ಪುರಾತನ ಬಂಡೆಯಲ್ಲಿ, ಓಂಕಾಲೋ ಎಂಬ ಸುರಂಗವನ್ನು ಕೊರೆದು ತಾಮ್ರದ ಕವಚದ ಡಬ್ಬಿಗಳನ್ನು ಜೇಡಿಮಣ್ಣಿನಲ್ಲಿ ಹುಗಿಯುವ ಏರ್ಪಾಡು ಮಾಡಿದ್ದಾರೆ. 2024ರಲ್ಲಿ ಖಾಲಿ ಡಬ್ಬಿಗಳಿಂದ ತಾಲೀಮು ನಡೆಯಿತು. ಅಹಿಂಸೆಯ ಹೆಸರನ್ನೆತ್ತದ ಆ ಜನರು ಐದನೆಯ ಸಮಿತಿಯನ್ನು ಪಾಲಿಸುತ್ತಿದ್ದಾರೆ.

ಇಲ್ಲಿ ಮೂರು ಬಗೆಯ ಆಕ್ಷೇಪಗಳು ಬರುತ್ತವೆ. ಕಲ್ಲಿದ್ದಲು ಹೆಚ್ಚು ಹಿಂಸಕವಲ್ಲವೇ ಎಂಬುದು ಮೊದಲನೆಯದು. ಹೌದು, ಹಿಂಸಕವೇ. ರಾಯಚೂರಿನ ಹಾರುಬೂದಿಯನ್ನೂ ಕೂಡಗಿಯ 2400 ಮೆಗಾವಾಟಿನ ಸ್ಥಾವರವನ್ನೂ ನೆರೆಯಲ್ಲಿ ಇಟ್ಟುಕೊಂಡವರು ಇದನ್ನು ಅಲ್ಲಗಳೆಯಲಾರರು. ಆದರೆ ಒಂದು ಸಾಲ ದೊಡ್ಡದೆಂದು ಇನ್ನೊಂದನ್ನು ಖಾತೆಗೆ ಬರೆಯದಿರುವ ಗುಮಾಸ್ತನನ್ನು ಯಾವ ವರ್ತಕನೂ ಅಂಗಡಿಯಲ್ಲಿ ಇಟ್ಟುಕೊಳ್ಳುವುದಿಲ್ಲ. ಕಲ್ಲಿದ್ದಲಿನ ಪಾಪವನ್ನು ಮಾಡಿದವರೇ ಬಹುಮಟ್ಟಿಗೆ ಉಣ್ಣುತ್ತಾರೆ, ಮಕ್ಕಳು ಮೊಮ್ಮಕ್ಕಳು ಉಣ್ಣುತ್ತಾರೆ. ಇದರದ್ದನ್ನು ಉಣ್ಣುವವರ ಭಾಷೆ ಯಾವುದೆಂಬುದೇ ತಿಳಿಯದು.

ಎಲ್ಲವನ್ನೂ ತಜ್ಞರು ನೋಡಿಕೊಳ್ಳುತ್ತಾರೆಂಬುದು ಎರಡನೆಯದು. 2009ರ ನವೆಂಬರಿನಲ್ಲಿ ಕೈಗಾದ ಕುಡಿಯುವ ನೀರಿನ ಯಂತ್ರದಲ್ಲಿ ಯಾರೋ ಟ್ರಿಟಿಯಂ ಇದ್ದ ಭಾರಜಲವನ್ನು ಬೆರೆಸಿ ಐವತ್ತಕ್ಕೂ ಹೆಚ್ಚು ನೌಕರರ ದೇಹಕ್ಕೆ ಅದು ಸೇರಿತು. ಅಲ್ಲಿ ಯಾವ ಕೊಳವೆಯೂ ದಣಿದಿರಲಿಲ್ಲ. ಲೋಹಕ್ಕೆ ವೋಲರನ ಲೆಕ್ಕವುಂಟು. ಮನುಷ್ಯನಿಗೆ ಅಂಥ ಲೆಕ್ಕವಿಲ್ಲ.

ಮೂರನೆಯದು ಅತ್ಯಂತ ಅಪಾಯಕರವಾದುದು, ಏಕೆಂದರೆ ಅದು ಧರ್ಮದ ವೇಷದಲ್ಲಿ ಬರುತ್ತದೆ. ಅನೇಕಾಂತವಾದದ ಪ್ರಕಾರ ಪರವೂ ಸರಿ, ವಿರೋಧವೂ ಸರಿ, ಜೈನರು ತಟಸ್ಥರಾಗಿರಬೇಕೆಂಬ ವಾದವಿದು. ಅನೇಕಾಂತವು ವಸ್ತುವನ್ನು ಎಲ್ಲ ಕಡೆಯಿಂದ ನೋಡಬೇಕೆನ್ನುತ್ತದೆ, ಕಣ್ಣು ಮುಚ್ಚಿಕೊಳ್ಳಬೇಕೆನ್ನುವುದಿಲ್ಲ. ಅದೇ ದೃಷ್ಟಿಯಿಂದ ನೋಡಿದರೆ ವಿರೋಧಿಗಳಿಗೂ ಒಂದು ಮಾತು ಹೇಳಬೇಕಾಗುತ್ತದೆ. 1989ರ ಲೋಕಸಭಾ ಚುನಾವಣೆಗೆ ಶಿವರಾಮ ಕಾರಂತರು ಕೈಗಾವನ್ನು ವಿರೋಧಿಸಿ ಉತ್ತರ ಕನ್ನಡದಿಂದ ನಿಂತಾಗ ಸ್ಥಾವರ ಬೇಡವೆನ್ನುವುದಕ್ಕೆ ಪೂರ್ಣ ಅರ್ಥವಿತ್ತು, ಕಾರಂತರು ಸೋತರೂ ಅದು ಕುಂದಲಿಲ್ಲ. ಇಂದು ತ್ಯಾಜ್ಯ ಹುಟ್ಟಿಯಾಗಿದೆ. ನಾಳೆಯೇ ಎಲ್ಲ ಸ್ಥಾವರಗಳಿಗೆ ಬೀಗ ಹಾಕಿದರೂ ಅದು ಇರುತ್ತದೆ. ಗಾಜು ಮಾಡುವುದೂ ಬೇಡ, ಸಾಗಿಸುವುದೂ ಬೇಡ, ಹುಗಿಯುವುದೂ ಬೇಡ ಎನ್ನುವವನು ಮಲವನ್ನು ಹಾದಿಯಲ್ಲಿಯೇ ಬಿಟ್ಟು ಮುಂದೆ ನಡೆದ ಯಾತ್ರಿಕನಂತೆ.

ಕೈಗಾದಲ್ಲಿ ತಲಾ 700 ಮೆಗಾವಾಟಿನ ಐದನೆಯ ಮತ್ತು ಆರನೆಯ ಘಟಕಗಳಿಗೆ 2017ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ದೊರೆಯಿತು. ಈಗಿನ ನಾಲ್ಕರ ಒಟ್ಟು 880 ಮೆಗಾವಾಟ್. ಹೊಸ ಎರಡರದ್ದೇ 1400. ಬಾದಾಮಿಯ ಮರಳುಗಲ್ಲಿನ ಶ್ರೇಣಿಗೆ ಸೇರಿದ ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಯುರೇನಿಯಂ ಶೋಧ ನಡೆದಿದೆ. ನಾಲ್ಕನೆಯ ಗುಹೆಯಲ್ಲಿ ಪಾರ್ಶ್ವನಾಥ ಬಾಹುಬಲಿಗಳು ಮೂಡಿರುವುದು ಅದೇ ಶ್ರೇಣಿಯ ಕಲ್ಲಿನಲ್ಲಿ. ಹೀಗಿರುವಾಗ ಈ ಜಿಲ್ಲೆಯ ಜಿನಮಂದಿರಗಳ ಟ್ರಸ್ಟುಗಳು ವಾರ್ಷಿಕ ಸಭೆಯಲ್ಲಿ ಠರಾವು ಮಾಡಿ ಅಣುಶಕ್ತಿ ಇಲಾಖೆಗೆ ಬರೆದು ಕೇಳುವುದರಲ್ಲಿ ಅಧಿಕಪ್ರಸಂಗವೇನೂ ಇಲ್ಲ: ಉರಿದ ಇಂಧನ ಕೊನೆಗೆ ಹೋಗುವ ಸ್ಥಳ ಯಾವುದು, ಆ ಊರಿನ ಒಪ್ಪಿಗೆಯನ್ನು ಯಾವಾಗ ಪಡೆಯುವಿರಿ, ಕಿತ್ತ ಕೊಳವೆಗಳ ಲೆಕ್ಕ ಎಲ್ಲಿದೆ? ಸ್ಥಳ ಗೊತ್ತಾಗುವ ಮೊದಲು ಮಲವನ್ನು ಹೆಚ್ಚಿಸುವ ಯಾವ ಯೋಜನೆಗೂ ಅಹಿಂಸೆಯ ಮುದ್ರೆಯನ್ನು ಜೈನ ವೇದಿಕೆಗಳಿಂದ ಒತ್ತಬಾರದು. ಪಂಚಕಲ್ಯಾಣದ ರಾತ್ರಿಗಳಲ್ಲಿ ಬೆಳಗಿನ ತನಕ ಉರಿಯುವ ದೀಪಮಾಲೆಗಳನ್ನು ಭೋಗೋಪಭೋಗ ಪರಿಮಾಣದ ವ್ರತಕ್ಕೆ ಒಳಪಡಿಸುವ ಧೈರ್ಯವೂ ಟ್ರಸ್ಟುಗಳಿಗೆ ಬರಬೇಕು.

ಆದರೆ ಸರಕಾರವನ್ನು ಕೇಳುವವರು ಮೊದಲು ಸ್ವಂತ ಲೋಹವನ್ನು ಪರೀಕ್ಷಿಸಿಕೊಳ್ಳಲಿ. 2025ರ ಜನವರಿ 28ರಂದು ಉತ್ತರ ಪ್ರದೇಶದ ಬಡೌತದಲ್ಲಿ ಭಗವಾನ್ ಆದಿನಾಥರ ನಿರ್ವಾಣೋತ್ಸವದ ದಿನ ಮಾನಸ್ತಂಭದ ಬಳಿಯ ಅಟ್ಟಣೆ ಕುಸಿದು ಕನಿಷ್ಠ ಏಳು ಮಂದಿ ಸತ್ತರು, ಹಲವರು ಗಾಯಗೊಂಡರು. ಲಾಡು ಸಮರ್ಪಿಸಲು ಬಂದ ಧರ್ಮಬಂಧುಗಳು ಅವರು. ಈ ಜಿಲ್ಲೆಯ ಎಷ್ಟು ಬಸದಿಗಳಲ್ಲಿ ಅಭಿಷೇಕದ ಕಬ್ಬಿಣದ ಏಣಿ, ಮೆಟ್ಟಿಲು, ಅಟ್ಟಣೆಗಳ ವಯಸ್ಸು ಯಾರಿಗಾದರೂ ಗೊತ್ತಿದೆ? ಬಣ್ಣ ಬಳಿದರೆ ಹೊಸದಾಯಿತೆಂಬ ತಿಳಿವಳಿಕೆ ಎಲ್ಲೆಡೆಯೂ ಇದೆ. ಬಣ್ಣದ ಕೆಳಗೆ ಬೆಸುಗೆಯ ಬಿರುಕು ಬೆಳೆಯುತ್ತಿರುತ್ತದೆ. ಬೆಸುಗೆಯ ಮೇಲೆ ಕೆಂಪು ದ್ರವ ಹಚ್ಚಿ, ಒರೆಸಿ, ಬಿಳಿಯ ಪುಡಿ ಸಿಂಪಡಿಸಿದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುವ ಸುಲಭ ಪರೀಕ್ಷೆಯುಂಟು. ಕಾರಖಾನೆಗಳವರು ಅದನ್ನು ನಿತ್ಯ ಮಾಡುತ್ತಾರೆ, ವೆಚ್ಚವೂ ಹೆಚ್ಚಲ್ಲ. ಮುಂಬರುವ ಮಹಾವೀರ ಜಯಂತಿಗೆ ಮೊದಲು ಪ್ರತಿಯೊಂದು ಟ್ರಸ್ಟು ಅರ್ಹ ಎಂಜಿನಿಯರನಿಂದ ಈ ಪರೀಕ್ಷೆಯನ್ನು ಮಾಡಿಸಿ, ಅಟ್ಟಣೆ ಯಾವ ವರ್ಷದ್ದು, ಎಷ್ಟು ಜನರ ಭಾರಕ್ಕೆ ಯೋಗ್ಯ, ಮುಂದಿನ ಪರೀಕ್ಷೆ ಎಂದು ಎಂಬುದನ್ನು ಬರೆದು ಏಣಿಯ ಬುಡದಲ್ಲಿಯೇ ಫಲಕ ಹಾಕಲಿ, ಅದರ ಪ್ರತಿಯನ್ನು ಜಮಾಖರ್ಚಿನ ಜೊತೆಗೆ ಸಭೆಯ ಮುಂದಿಡಲಿ.